ಪ್ರಶ್ನೆ ಹೊತ್ತವಳು

ಒಂದು ಪುಟವನ್ನು ಎರಡು ಸಲ ಓದಿದರೆ ರಾಜಾತಿಗೆ ಮೂರನೆಯ ಸಲ ಪುಸ್ತಕ ಬೇಕಾಗುತ್ತಿರಲಿಲ್ಲ. ಊರಿನವರು ಇದನ್ನು ಬುದ್ಧಿವಂತಿಕೆ ಎಂದುಕೊಂಡರು. ಅವಳೂ ಹಾಗೆಯೇ ಅಂದುಕೊಂಡಳು.

ಎಂ.ಎಸ್ಸಿ. ಓದುವಾಗ ಸೇಲಂನಲ್ಲಿ ಎರಡು ವರ್ಷ ನಾನು ಪಾಠ ಮಾಡುತ್ತಿದ್ದ ತರಗತಿಯ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಮೌಖಿಕ ಪರೀಕ್ಷೆಯಲ್ಲಿ ಲೋಲಕದ ಬಗ್ಗೆ ಕೇಳಿದೆ. ಪಠ್ಯಪುಸ್ತಕದ ಒಂದೂವರೆ ಪುಟ ಒಪ್ಪಿಸಿದಳು, ಚಿತ್ರದ ಕೆಳಗೆ ಅಚ್ಚಾಗಿದ್ದ ಸಾಲೂ ಸೇರಿ. ಅದೇ ಲೋಲಕವನ್ನು ಚಂದ್ರನ ಮೇಲೆ ತೂಗಿಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಆ ಒಂದೂವರೆ ಪುಟವನ್ನೇ ಮೊದಲಿನಿಂದ ಶುರು ಮಾಡಿದಳು. ಐವತ್ತು ಬಂದರೆ ಪಾಸು, ಐವತ್ತೊಂದು ಕೊಟ್ಟೆ. ಇವತ್ತು ಕೇಳಿದರೂ ಅಷ್ಟೇ ಕೊಡುತ್ತೇನೆ.

ಆ ನೆನಪಿನ ಶಕ್ತಿ ತಾಯಿಯಿಂದ ಬಂದದ್ದು. ತಾಯಿ ಪೊನ್ನಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಸುತ್ತ ಇರುವ ಕನ್ನಡದ ಒಕ್ಕಲು ಮನೆಗಳಲ್ಲಿ ಮದುವೆಯಾದರೆ ಸೋಬಾನೆ ಹೇಳಲು ಅವಳನ್ನೇ ಕರೆಯುತ್ತಿದ್ದರು. ಅರಿಶಿನ ಕುಟ್ಟುವಾಗ ಒಂದು ಧಾಟಿ, ಎಣ್ಣೆ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಹೆಣ್ಣು ಒಪ್ಪಿಸುವಾಗ ಇನ್ನೊಂದು. ಪೊನ್ನಮ್ಮ ಒಂದು ಸಾಲು ಹೇಳಿದರೆ ಹಿಂದೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಆ ಹಿಂದಿನ ಗುಂಪಿನಲ್ಲಿ ಕೂತು ರಾಜಾತಿ ಹತ್ತು ವರ್ಷಕ್ಕೇ ಎಲ್ಲವನ್ನೂ ಕಲಿತಳು. ಶಾಲೆಯಲ್ಲಿ ಓದಿದ್ದು ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಆದರೆ ಏನನ್ನು ನೆನಪಿಡಬೇಕಾದರೂ ಅದನ್ನು ಒಂದು ಸೋಬಾನೆಯ ಧಾಟಿಗೆ ಹಾಕಿಕೊಳ್ಳುತ್ತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಮದುವೆಯಾಗಿ ಕೊಳತ್ತೂರಿಗೆ ಬಂದಳು. ಗಂಡ ಗೋವಿಂದರಾಜು ಜಲಾಶಯದ ಮೀನುಗಾರರ ಸಂಘದಲ್ಲಿ ಮೀನು ತೂಗುವವನು, ಮಾತು ಕಡಿಮೆ. ಮಾತೆಲ್ಲ ಅವನ ತಾಯಿ ಮುನಿವೆಂಕಟಮ್ಮನ ಪಾಲಿಗೆ ಬಂದಿತ್ತು. ನಾದಿನಿ ರಮಾಮಣಿ ಆಗ ಬಿ.ಎಸ್ಸಿ. ಓದುತ್ತಿದ್ದಳು, ಅವಳದೂ ಭೌತಶಾಸ್ತ್ರವೇ.

ರಾಜಾತಿ ಹತ್ತಿರದ ಒಂದು ಖಾಸಗಿ ಶಾಲೆಗೆ ಸೇರಿದಳು. ಪಾಠ ಮಾಡುವುದು ಆ ಕೆಲಸದ ಅರ್ಧ. ಬೆಳಿಗ್ಗೆ ವ್ಯಾನಿನಲ್ಲಿ ಕೂತು ಮಕ್ಕಳನ್ನು ಹತ್ತಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನಲ್ಲಿ ಮನೆಮನೆಗೆ ಹೋಗಿ ಅಡ್ಮಿಷನ್ ಕೇಳಬೇಕು. ಸಾಕಷ್ಟು ಮಕ್ಕಳನ್ನು ಹಿಡಿದು ತರದ ಟೀಚರನ್ನು ಶಾಲೆಯ ಮಾಲೀಕ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಮುಂದೆಯೇ ಲೆಕ್ಕ ಕೇಳುತ್ತಿದ್ದ. ಇದರಿಂದ ಹೊರಗೆ ಬರಲು ಇದ್ದ ಬಾಗಿಲು ಒಂದೇ: ಸರಕಾರಿ ಹೈಯರ್ ಸೆಕೆಂಡರಿ ಶಾಲೆಯ ಭೌತಶಾಸ್ತ್ರ ಶಿಕ್ಷಕರ ಆಯ್ಕೆ ಪರೀಕ್ಷೆ. ನೂರೈವತ್ತು ಪ್ರಶ್ನೆ, ಮೂರು ಗಂಟೆ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕು.

ಅದಕ್ಕೆ ತಯಾರಾಗಲು ಭಾನುವಾರಗಳಂದು ಎಡಪ್ಪಾಡಿಗೆ ಹೋಗತೊಡಗಿದಳು. ಅಲ್ಲಿ ಒಂದು ಮಗ್ಗದ ಶೆಡ್ಡಿನ ಮೇಲೆ ಪ್ರಭಾಕರ್ ಎಂಬವನು ಕೋಚಿಂಗ್ ನಡೆಸುತ್ತಿದ್ದ. ಅವನೂ ಕನ್ನಡದ ಮನೆಯವನು, ರಾಜಾತಿಗಿಂತ ನಾಲ್ಕು ವರ್ಷ ಚಿಕ್ಕವನು. ಕೆಳಗೆ ಪವರ್‌ಲೂಮ್ ಬಡಿಯುತ್ತಿರುವಾಗ ಮೇಲೆ ಅವನು ಕಿರುಚಿ ಪಾಠ ಮಾಡುತ್ತಿದ್ದ. ಪಾಠ ಚೆನ್ನಾಗಿತ್ತು ಎಂದೇ ಎಲ್ಲರೂ ಹೇಳುತ್ತಾರೆ.

ಮೊದಲ ಪರೀಕ್ಷೆ ಕಂಪ್ಯೂಟರಿನ ಮುಂದೆ ನಡೆಯುವುದಿತ್ತು. ಪ್ರಶ್ನೆಪತ್ರಿಕೆ ಕೈಗೆ ಸಿಗುವುದಿಲ್ಲ; ಒಳಗೆ ಒಂದು ಕಾಗದದ ಚೂರನ್ನೂ ಬಿಡುವುದಿಲ್ಲ. ಸರಕಾರ ಪ್ರಶ್ನೆಗಳನ್ನು ಹೊರಗೆ ಬಿಡಲು ವಾರಗಳು ಬೇಕು. ಆದರೆ ಅದೇ ದಿನ ಸಾಯಂಕಾಲ ಯಾವ ಕೋಚಿಂಗಿನವನು ಎಲ್ಲ ಪ್ರಶ್ನೆ, ಎಲ್ಲ ಉತ್ತರ ಸೇರಿಸಿ ವೀಡಿಯೊ ಹಾಕುತ್ತಾನೋ ಮುಂದಿನ ವರ್ಷದ ಮಕ್ಕಳೆಲ್ಲ ಅವನ ಕಡೆಗೆ ಹೋಗುತ್ತಾರೆ. ಪ್ರಭಾಕರ್ ಹತ್ತು ಮಂದಿಯನ್ನು ಆರಿಸಿ ನಿಲ್ಲಿಸಿದ.

“ತಲೆಗೆ ಅದ್ನೈದು ಪ್ರಶ್ನೆ. ನಿಮ್ಮ ನಂಬರಿಂದ ನಂಬರಿಗೆ ನೆನಪಿಟ್ಕೊಂಡು ಬಂದ್ರೆ ಸಾಕು. ನಿಮ್ಮ ಎಕ್ಸಾಮ್ ನೀವು ಬರೀರಿ, ಅದ್ರ ಮಧ್ಯೆ ಇದೊಂದು ಸುಮ್ಮ ಒಂದು ಹೆಲ್ಪು.”

ಪರೀಕ್ಷೆ ನಡೆದದ್ದು ತಾರಮಂಗಲಂ ಕಡೆಯ ಒಂದು ಕಾಲೇಜಿನಲ್ಲಿ. ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯಲ್ಲಿ ಪ್ರಭಾಕರ್ ನೋಟ್‌ಬುಕ್ ಬಿಚ್ಚಿಕೊಂಡು ಕೂತಿದ್ದ. ಒಬ್ಬನಿಗೆ ಹದಿನೈದರಲ್ಲಿ ಆರು ನೆನಪಿತ್ತು. ಇನ್ನೊಬ್ಬಳು ನಾಲ್ಕು ಹೇಳಿ ಅಳಲು ಶುರು ಮಾಡಿದಳು. ಮುರುಗೇಶ್ ಎಂಬವನು, “ಸಾರ್, ಒಂದು ಸರ್ಕ್ಯೂಟ್ ಇತ್ತು ಸಾರ್, ಅದ್ರಲ್ಲಿ ಒಂದು ರೆಸಿಸ್ಟರ್ ಇತ್ತು ಸಾರ್,” ಎಂದು ನಿಲ್ಲಿಸಿದ.

“ರೆಸಿಸ್ಟರ್ ಇಲ್ದೆ ಸರ್ಕ್ಯೂಟಲ್ಲಿ ನಿಮ್ಮಪ್ಪ ಇರ್ತಾನೇನ್ಲಾ?” ಎಂದ ಪ್ರಭಾಕರ್. “ರಾಜಾತಿ ಅಕ್ಕ, ನೀವು?”

ರಾಜಾತಿ ತನ್ನ ಹದಿನೈದನ್ನು ಹೇಳಿದಳು. ಉತ್ತರದ ನಾಲ್ಕು ಆಯ್ಕೆಗಳನ್ನೂ ಅದೇ ಕ್ರಮದಲ್ಲಿ ಹೇಳಿದಳು. ಆಮೇಲೆ, “ಮುರುಗೇಶನ್ದೂ ನಂಗೆ ಬತ್ತದೆ,” ಎಂದು ಅದನ್ನೂ ಹೇಳಿದಳು. ಎರಡು ಟೀ ಕುಡಿಯುವ ಹೊತ್ತಿಗೆ ಅರವತ್ತೊಂದು ಪ್ರಶ್ನೆ ಆಗಿತ್ತು. ಪ್ರಭಾಕರ್ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ.

“ಅಕ್ಕ, ನೀವು ಮನುಷ್ಯರಲ್ಲ. ಕ್ಯಾಮೆರಾ.”

ಅಂದಿನಿಂದ ಅಲ್ಲಿನವರೆಲ್ಲ ಅವಳನ್ನು ಕ್ಯಾಮೆರಾ ಅಕ್ಕ ಎಂದರು. ಅವಳಿಗೆ ಬೇಸರವಾಗಲಿಲ್ಲ. ಯಾರೋ ಒಬ್ಬರು ಅವಳ ಸಾಮರ್ಥ್ಯವನ್ನು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು.

ಅವಳ ಮೀಸಲಾತಿ ವರ್ಗದವರಲ್ಲಿ ಕೊನೆಯದಾಗಿ ಕೆಲಸಕ್ಕೆ ಕರೆದದ್ದು ತೊಂಬತ್ತೆರಡು ಅಂಕದವರನ್ನು. ರಾಜಾತಿಗೆ ಬಂದದ್ದು ತೊಂಬತ್ತೊಂದು.

“ಒಂದೇ ಒಂದು ಮಾರ್ಕು ಅಕ್ಕ,” ಎಂದು ಪ್ರಭಾಕರ್ ತಲೆ ಆಡಿಸಿದ. “ಆ ಅರವತ್ತೊಂದು ಒತ್ಕೊಂಡು ಬರ್ದೆ ಇದ್ದಿದ್ರೆ ನೀವು ನೂರು. ನಮ್ಗೋಸ್ಕರ ಬಿಟ್ರಿ.”

ಅವನು ಅದನ್ನು ಸಮಾಧಾನಕ್ಕೆ ಹೇಳಿದನೋ, ಮುಂದಿನ ಸಲಕ್ಕೆ ಅವಳನ್ನು ಕೈಯಲ್ಲಿಟ್ಟುಕೊಳ್ಳಲು ಹೇಳಿದನೋ ನನಗೆ ಗೊತ್ತಿಲ್ಲ. ರಾಜಾತಿ ಆ ಮಾತನ್ನು ಮನೆಗೆ ತಂದಳು. ಅತ್ತೆಗೆ ಹೇಳಿದಳು, ಗಂಡನಿಗೆ ಹೇಳಿದಳು, ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದಳು, ಒಂದು ಸಲ ಸೇಲಂ ಬಸ್ಸಿನಲ್ಲಿ ನನಗೂ ಹೇಳಿದಳು. ಪ್ರಶ್ನೆ ಹೊರದೆ ಹೋಗಿದ್ದರೆ ನಾನು ಪಾಸು. ಎರಡನೆಯ ಸಲ ಹೇಳುವಾಗ ಅದು ಅವಳದೇ ಮಾತಾಗಿತ್ತು.

ಪಾಸಾದವರ ಚಿತ್ರ ಹಾಕಿದ ಫ್ಲೆಕ್ಸ್ ಕಟ್ಟುವ ದಿನ ಅವಳೂ ಎಡಪ್ಪಾಡಿಗೆ ಹೋಗಿದ್ದಳು. ಏಣಿ ಹತ್ತಿದವನು ಕೂಗಿದ: “ಅಕ್ಕ, ಆ ಮೂಲೆ ಸ್ವಲ್ಪ ಎತ್ತಿ ಇಡ್ಕೊಳಿ.” ಹಿಡಿದುಕೊಂಡಳು.

ಎರಡನೆಯ ಪರೀಕ್ಷೆ ಕೊರೊನಾ ಕಳೆದು ಶಾಲೆಗಳು ತೆರೆದ ಮೇಲೆ ಬಂತು. ಈ ಸಲ ಪ್ರಭಾಕರ್ ಯಾರಿಗೂ ಹದಿನೈದು ಹಂಚಲಿಲ್ಲ. ನೂರೈವತ್ತನ್ನೂ ರಾಜಾತಿಗೆ ಕೊಟ್ಟ. ಆರು ತಿಂಗಳು ಅವಳಿಗೆ ಬೇರೆ ಬಗೆಯ ತಯಾರಿ ನಡೆಯಿತು. ಉಳಿದವರು ಮಾದರಿ ಪರೀಕ್ಷೆ ಬರೆದರೆ ಪ್ರಭಾಕರ್ ಉತ್ತರಗಳನ್ನು ತಿದ್ದಿ, ತಪ್ಪಾದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸುತ್ತಿದ್ದ. ರಾಜಾತಿ ಬರೆದರೆ ಪಕ್ಕದ ಕೋಣೆಗೆ ಕರೆದು ಪ್ರಶ್ನೆಗಳನ್ನು ಹೇಳಿಸುತ್ತಿದ್ದ. ಎಷ್ಟು ಪ್ರಶ್ನೆ ಹೊತ್ತು ತಂದಳು ಎಂದು ಎಣಿಸುತ್ತಿದ್ದ. ನೂರ ಹತ್ತು, ನೂರ ಇಪ್ಪತ್ತೆಂಟು, ನೂರ ನಲವತ್ತು. ಅವಳು ಯಾವ ಉತ್ತರ ಹಾಕಿದ್ದಾಳೆ ಎಂದು ಆ ಆರು ತಿಂಗಳಲ್ಲಿ ಯಾರೂ ನೋಡಲಿಲ್ಲ. ನೋಡಿ ಎಂದು ಅವಳೂ ಕೇಳಲಿಲ್ಲ.

ಪ್ರಶ್ನೆಗಳನ್ನು ಹತ್ತು ಹತ್ತಾಗಿ ಕಟ್ಟಿ ಒಂದೊಂದು ಕಟ್ಟಿಗೆ ಒಂದೊಂದು ಧಾಟಿ ಇಟ್ಟಿದ್ದಳು. ಮೊದಲ ಹತ್ತು ಅರಿಶಿನ ಕುಟ್ಟುವುದು, ಎರಡನೆಯ ಹತ್ತು ಎಣ್ಣೆ ಹಚ್ಚುವುದು, ಹಾಗೆ. ಒಂದು ಪ್ರಶ್ನೆಯನ್ನು ಮೂರು ಸಲ ಓದಿ ಧಾಟಿಗೆ ಕೂರಿಸಿ ಮುಂದಕ್ಕೆ ಹೋಗಬೇಕು. ಹತ್ತು ಮುಗಿದ ಮೇಲೆ ಒಮ್ಮೆ ಹಿಂದಿನಿಂದ ಹೇಳಿಕೊಳ್ಳಬೇಕು.

ಆ ಸಲ ಭೌತಶಾಸ್ತ್ರದವರನ್ನು ಎರಡು ದಿನಕ್ಕೆ ಹಂಚಿದ್ದರು. ರಾಜಾತಿಯದು ಮೊದಲ ದಿನ, ಅಷ್ಟು ಹೊತ್ತಿಗೆ ಎಂ.ಎಸ್ಸಿ. ಮುಗಿಸಿ ಅದೇ ಕೋಚಿಂಗಿಗೆ ಸೇರಿದ್ದ ರಮಾಮಣಿಯದು ಎರಡನೆಯ ದಿನ. ಎರಡನೆಯ ದಿನದ ಪ್ರಶ್ನೆಗಳು ಬೇರೆ. ಆದರೂ ಯಾವ ಅಧ್ಯಾಯದಿಂದ ಎಷ್ಟು, ಯಾವ ಬಗೆಯ ಲೆಕ್ಕ, ಎಲ್ಲಿ ಸಿಕ್ಕಿಸುತ್ತಾರೆ ಎಂಬುದು ಮೊದಲ ದಿನದಿಂದ ತಿಳಿಯುತ್ತದೆ. ರಾಜಾತಿ ಟೀ ಅಂಗಡಿಯಲ್ಲಿ ನೂರ ನಲವತ್ತೇಳು ಪ್ರಶ್ನೆ ಇಳಿಸಿದಳು. ರಮಾಮಣಿ ಎದುರಿಗೆ ಕೂತು ಒಂದೊಂದನ್ನೂ ಕಾಗದದ ಮೇಲೆ ಲೆಕ್ಕ ಮಾಡಿದಳು.

ರಾಜಾತಿಗೆ ತೊಂಬತ್ತು. ರಮಾಮಣಿಗೆ ನೂರ ನಾಲ್ಕು. ನಾದಿನಿಗೆ ಪೆನ್ನಾಗರಂ ಕಡೆಯ ಸರಕಾರಿ ಶಾಲೆಯಲ್ಲಿ ಕೆಲಸವಾಯಿತು.

“ಒತ್ತು ತಂದವ್ಳು ನಾನು, ತಿಂದವ್ಳು ಅವ್ಳು,” ಎಂದಳು ರಾಜಾತಿ ಗಂಡನಿಗೆ.

“ಮನೆಗೇ ಬಂತಲ್ಲ,” ಎಂದ ಗೋವಿಂದರಾಜು.

ಎಂಟು ತಿಂಗಳಲ್ಲಿ ರಮಾಮಣಿಗೆ ಮದುವೆ ಗೊತ್ತಾಯಿತು. ಗಂಡು ರವಿಶಂಕರ್ ಸೇಲಂನ ಒಂದು ಬ್ಯಾಂಕಿನಲ್ಲಿದ್ದ. ಪೊನ್ನಮ್ಮ ಆಗ ತೀರಿಕೊಂಡಿದ್ದಳು. ಮದುವೆಯ ದಿನ ಹಸೆಗೆ ಕರೆಯುವ ಹೊತ್ತಿಗೆ ಮುನಿವೆಂಕಟಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು: “ಪೊನ್ನಮ್ಮನ ಮಗ್ಳು ಮನೇಲೇ ಅವ್ಳೆ, ಸ್ಪೀಕರ್ ಯಾಕೆ ಬೇಕು? ಏಳಮ್ಮ ರಾಜಾತಿ, ಸೋಬಾನೆ ಏಳು!”

ರಾಜಾತಿ ಮುಂದೆ ಬಂದು ಕೂತಳು. ಹಿಂದೆ ಹೇಳಲು ಏಳೆಂಟು ಹೆಂಗಸರು ಸೇರಿದರು. ಧಾಟಿ ಸರಿಯಾಗಿ ಬಂತು. ಮೊದಲ ಸಾಲೂ ಬಂತು. ಎರಡನೆಯ ಸಾಲಿಗೆ ಬಾಯಿ ತೆರೆದಾಗ ಅಲ್ಲಿ ಹಾಡಿರಲಿಲ್ಲ. ಪರೀಕ್ಷೆಗೆ ತಯಾರಾದ ಆ ಆರು ತಿಂಗಳಲ್ಲಿ ಧಾಟಿಯೊಳಗೆ ಬೇರೆ ಸರಕು ತುಂಬಿಕೊಂಡಿತ್ತು. “ಏಕರೂಪದ ಕಾಂತಕ್ಷೇತ್ರ” ಎಂಬ ಅರ್ಥದ ಇಂಗ್ಲಿಷ್ ಮಾತು ಹೊರಬಂತು, ಅದರ ಹಿಂದೆ ಒಂದು ಪ್ರೋಟಾನು. ಹಿಂದೆ ಕೂತವರು ರೂಢಿಯಂತೆ ಅದನ್ನೇ ರಾಗವಾಗಿ ತಿರುಗಿ ಹೇಳಿದರು. ಹೇಳಿ ಮುಗಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜಾತಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅದೇ ಪ್ರೋಟಾನು.

ನಗು ಗಂಡಿನ ಕಡೆಯಿಂದ ಎದ್ದಿತು. “ಎನ್ನಮ್ಮಾ ಇದು, ಟ್ಯೂಷನಾ?” ಎಂದು ಯಾರೋ ತಮಿಳಿನಲ್ಲಿ ಕೂಗಿದರು. ಮುನಿವೆಂಕಟಮ್ಮ ಸೊಸೆಯ ತೋಳು ಹಿಡಿದು ಎಬ್ಬಿಸಿದಳು. “ಎದ್ದು ಒಳಕ್ಕೆ ಓಗು. ಎಕ್ಸಾಮೂ ಬರ್ಲಿಲ್ಲ, ಆಡೂ ಬರ್ಲಿಲ್ಲ. ಸ್ಪೀಕರ್ ಆಕ್ರಲಾ!”

ಗಂಡಿನ ಕಡೆಯ ಹುಡುಗರು ತೆಗೆದ ವೀಡಿಯೊ ಮಾರನೆಯ ದಿನ ರಾಜಾತಿಯ ಶಾಲೆಯ ಮಕ್ಕಳ ಫೋನಿಗೂ ಬಂದಿತ್ತು. ಅವಳು ತರಗತಿಗೆ ಹೋದರೆ ಹಿಂದಿನ ಬೆಂಚಿನಿಂದ ಒಂದು ಸಾಲು ಏಳುತ್ತಿತ್ತು, ಉಳಿದವರು ಅದನ್ನು ತಿರುಗಿ ಹೇಳುತ್ತಿದ್ದರು.

ಮೂರನೆಯ ಪರೀಕ್ಷೆಯ ಪ್ರಕಟಣೆ ಕಳೆದ ವರ್ಷ ಬಂತು. ರಾಜಾತಿ ಎಡಪ್ಪಾಡಿಗೆ ಓಡಿದಳು. ಕೋಚಿಂಗ್ ಈಗ ಎರಡು ಅಂತಸ್ತಿಗೆ ಏರಿತ್ತು. ಪ್ರಭಾಕರ್ ಫೋನಿನಿಂದ ತಲೆ ಎತ್ತದೆಯೇ ಮಾತಾಡಿದ.

“ನೋಟಿಫಿಕೇಷನ್ ಓದಿಲ್ವಾ ಅಕ್ಕ? ಈ ಸಲ ಕಂಪ್ಯೂಟರ್ ಇಲ್ಲ. ಪೇಪರು. ಎಕ್ಸಾಮ್ ಮುಗಿದ್ಮೇಲೆ ಪ್ರಶ್ನೆ ಬುಕ್‌ಲೆಟ್ಟು ಕೈಗೇ ಕೊಟ್ಟು ಕಳಿಸ್ತಾರೆ.”

“ಅಂಗಾದ್ರೆ?”

“ಅಂಗಾದ್ರೆ ಗೇಟಲ್ಲಿ ಯಾರ್ದೋ ಬುಕ್‌ಲೆಟ್ಟು ತಗೊಂಡು ಫೋಟೋ ಒಡ್ದು ಕಳಿಸಿದ್ರೆ ಮುಗೀತು. ಒಂದು ಚಿಕ್ಕ ಮಗು ಸಾಕು.” ನಕ್ಕ. “ಕ್ಯಾಮೆರಾಗೆ ವೇಲೆ ಇಲ್ಲ ಅಕ್ಕ, ಕೆಲ್ಸ ಇಲ್ಲ.”

“ನಾನು ಓದೋಕೆ ಬಂದಿದ್ದು.”

“ಬನ್ನಿ, ಬೇಡ ಅಂದ್ನಾ? ಇಂದ್ಗಡೆ ಸಾಲಲ್ಲಿ ಜಾಗ ಇದ್ರೆ ಕೂರಿ. ಹೊಸ ಬ್ಯಾಚು, ಎಲ್ಲಾ ಇಪ್ಪತ್ಮೂರು ಇಪ್ಪತ್ನಾಕು ವಯಸ್ಸಿನವ್ರು. ಸ್ಪೀಡಾಗಿ ಓಗ್ತಾರೆ. ಆಮೇಲೆ ನಂಗೆ ಅರ್ಥ ಆಗ್ಲಿಲ್ಲ ಅನ್ಬೇಡಿ.”

ರಾಜಾತಿ ಮೆಟ್ಟಿಲಿಳಿದು ಬಂದಳು. ಬಸ್ಸಿನಲ್ಲಿ ಕೂತ ಮೇಲೆ ಕೋಪ ಇಳಿದು, ಅದರ ಜಾಗದಲ್ಲಿ ಒಂದು ಸಂತೋಷ ಬಂತು. ಮೊದಲ ಸಲ ಹೊರೆ ಇಲ್ಲ. ಎರಡು ಸಲವೂ ಅವಳನ್ನು ಸೋಲಿಸಿದ್ದು ಹೊರೆಯೇ ತಾನೆ? ಈಗ ಬರೀ ಉತ್ತರ ಹಾಕಿ ಎದ್ದು ಬಂದರೆ ಆಯಿತು. ಮನೆಗೆ ಬಂದು ಅತ್ತೆಯ ಮುಂದೆಯೇ ಹೇಳಿದಳು: “ಈ ಸಲ ನೋಡಿ ಅತ್ತೆ. ಈ ಸಲ ನಂದು ಮಾತ್ರ.”

“ನೋಡ್ತೀನಿ,” ಎಂದಳು ಮುನಿವೆಂಕಟಮ್ಮ. “ಒಂದೇ ಸಲ ನೋಡೋದು. ಇದೂ ಕೈತಪ್ಪಿದ್ರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಆಕು, ಸ್ಕೂಲೂ ಬಿಡು. ಮಾಸ್ತರಮ್ಮ ಅಂತ ಎಷ್ಟು ವರ್ಷ ಕುಣಿಯೋದು? ಎಮ್ಮೆಗೆ ಉಲ್ಲು ತರೋಕೆ ನನ್ ಮಂಡಿ ಆಗ್ತಾ ಇಲ್ಲ.”

ಗೋವಿಂದರಾಜು ಅನ್ನದ ತಟ್ಟೆಯಿಂದ ಮುಖ ಎತ್ತಲಿಲ್ಲ. ಹಾಗಾಗಿ ಅದು ಮನೆಯ ತೀರ್ಮಾನವಾಯಿತು.

ತವರಿಗೆ ಬಂದಿದ್ದ ರಮಾಮಣಿ ಇದನ್ನು ಕೇಳಿಸಿಕೊಂಡಳು. ಅವಳು ಮೃದು ಹೆಂಗಸಲ್ಲ, ಆದರೆ ತನ್ನ ವಿಷಯ ಬಲ್ಲವಳು. ಅತ್ತಿಗೆ ಕೊಟ್ಟಿಗೆಯ ಪಕ್ಕದಲ್ಲಿ ಕೂತು ಹಳೆಯ ಎರಡು ನೋಟ್‌ಬುಕ್ ಇಟ್ಟುಕೊಂಡು ತುಟಿ ಅಲುಗಿಸುವುದನ್ನು ನೋಡಿದಳು. ಅವೇ ಟೀ ಅಂಗಡಿಯಲ್ಲಿ ಇಳಿಸಿದ ಇನ್ನೂರ ಎಂಟು ಪ್ರಶ್ನೆಗಳು.

“ಅತ್ತಿಗೆ, ಅದನ್ನ ಬಾಯಲ್ಲಿ ಏಳಿದ್ರೆ ಆಗಲ್ಲ. ಕಾಗದ ತಗೊಂಡು ಒಂದೊಂದೂ ಲೆಕ್ಕ ಮಾಡಿ. ಭಾನುವಾರ ಭಾನುವಾರ ಫೋಟೋ ಒಡ್ದು ಕಳ್ಸಿ, ನಾನು ತಿದ್ತೀನಿ.”

“ನಿಂಗೆ ಪ್ರಶ್ನೆ ಕೊಟ್ಟವ್ಳು ನಾನು. ನೀನು ನಂಗೆ ತಿದ್ತೀಯಾ?”

“ಪ್ರಶ್ನೆ ಕೊಟ್ರಿ, ಇಲ್ಲ ಅನ್ನಲ್ಲ.”

“ಅದು ಒತ್ಕೊಂಡು ಬರೋದ್ರಲ್ಲಿ ನಂದು ಓಯ್ತು, ನೀನು ಮೇಡಂ ಆದೆ. ಓಗು, ಓಗಿ ನಿನ್ನ ಸ್ಕೂಲ್ ಮಕ್ಳಿಗೆ ತಿದ್ದು.”

“ಸರಿ ಬಿಡಿ,” ಎಂದು ರಮಾಮಣಿ ಎದ್ದಳು. ಎರಡನೆಯ ಸಲ ಕೇಳುವ ಜಾತಿಯವಳಲ್ಲ.

ಹೀಗೆ ರಾಜಾತಿಯ ತಯಾರಿ ಒಬ್ಬಳದೇ ಆಯಿತು. ಸಿಲಬಸ್ಸಿನ ಎಲ್ಲ ಅಧ್ಯಾಯಗಳನ್ನು ಓದಿದಳು. ಓದಿದ್ದೆಲ್ಲ ನೆನಪಿತ್ತು. ಸೂತ್ರಗಳು ನೆನಪಿದ್ದವು, ಅವು ಯಾವ ಪುಟದ ಯಾವ ಬದಿಯಲ್ಲಿವೆ ಎಂಬುದೂ ನೆನಪಿತ್ತು. ಪರೀಕ್ಷೆಗೆ ಇದ್ದ ಎಂಟು ತಿಂಗಳಲ್ಲಿ ಅವಳ ಮನೆಯಲ್ಲಿ ಒಂದು ಬಿಳಿ ಕಾಗದವೂ ಖರ್ಚಾಗಲಿಲ್ಲ.

ಪರೀಕ್ಷೆಯ ಭಾನುವಾರ ಗೋವಿಂದರಾಜು ಬೈಕಿನಲ್ಲಿ ಬಿಟ್ಟುಬಂದ. ಮೊದಲು ತಮಿಳು ಅರ್ಹತೆಯ ಮೂವತ್ತು ಪ್ರಶ್ನೆ. ಅದರಲ್ಲಿ ಪಾಸಾಗದಿದ್ದರೆ ಭೌತಶಾಸ್ತ್ರವನ್ನು ತಿದ್ದುವುದೇ ಇಲ್ಲ. ಅದು ರಾಜಾತಿಗೆ ಸುಲಭ. ಆಮೇಲೆ ನೂರೈವತ್ತು. ಹೊರೆ ಇಲ್ಲದ ಕೈ ಬೇಗ ಓಡಿತು. ಪ್ರಶ್ನೆಯ ಮೊದಲ ನಾಲ್ಕು ಮಾತು ಓದುತ್ತಿದ್ದಂತೆ ಉಳಿದದ್ದು ತಾನಾಗಿ ನೆನಪಿಗೆ ಬರುತ್ತಿತ್ತು. ಎಷ್ಟೋ ಪ್ರಶ್ನೆಗಳು ಹಳೆಯ ಪರಿಚಯದವು. ನೋಡಿ ಒಳಗೊಳಗೇ ನಕ್ಕಳು, ವೃತ್ತ ತುಂಬಿದಳು, ಮುಂದಕ್ಕೆ ಹೋದಳು. ನಲವತ್ತು ನಿಮಿಷ ಉಳಿದಾಗ ಎಲ್ಲವೂ ಮುಗಿದಿತ್ತು. ಸುತ್ತಲಿನವರು ಇನ್ನೂ ಬೆವರು ಒರೆಸಿಕೊಂಡು ಗೀಚುತ್ತಿದ್ದರು. ಅವಳು ಪೆನ್ನಿಗೆ ಮುಚ್ಚಳ ಹಾಕಿ ಅವರನ್ನು ನೋಡುತ್ತ ಕೂತಳು.

“ನೂರು ದಾಟ್ತದೆ,” ಎಂದಳು ಬೈಕು ಹತ್ತುವಾಗ.

“ನಿಜವಾ?”

“ನಲ್ವತ್ತು ನಿಮಿಷ ಸುಮ್ನೆ ಕೂತಿದ್ದೆ. ಯೋಚ್ನೆ ಮಾಡಿ, ಅವತ್ತೆಲ್ಲ ಕೊನೆ ಬೆಲ್ಲಿಗೂ ಐದು ಪ್ರಶ್ನೆ ಬಾಕಿ ಇರ್ತಿತ್ತು.”

ಗೋವಿಂದರಾಜು ದಾರಿಯಲ್ಲಿ ನಿಲ್ಲಿಸಿ ಜಿಲೇಬಿ ಕಟ್ಟಿಸಿದ. ಮುನಿವೆಂಕಟಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡು ಪಕ್ಕದ ಮನೆಯವರಿಗೂ ಎರಡು ಕೊಟ್ಟಳು. “ನಮ್ಮ ಸೊಸೆ ಎಕ್ಸಾಮ್ ಚೆನ್ನಾಗಿ ಬರ್ದವ್ಳೆ” ಎಂದು ಅವಳು ಹೇಳಿದ್ದು ಆ ಮನೆಯಲ್ಲಿ ಅದೇ ಮೊದಲು. ಸೋಮವಾರ ರಾಜಾತಿ ಶಾಲೆಯ ಮಾಲೀಕನಿಗೆ, ಬರುವ ವರ್ಷಕ್ಕೆ ಬೇರೆ ಟೀಚರ್ ನೋಡಿಕೊಳ್ಳಿ ಎಂದೂ ಹೇಳಿಬಂದಳು.

ಉತ್ತರದ ಪಟ್ಟಿ ದೀಪಾವಳಿಯ ಹೊತ್ತಿಗೆ ಹೊರಬಂತು. ರಮಾಮಣಿ ಹಬ್ಬಕ್ಕೆ ಬಂದಿದ್ದಳು. ಬೆಳಿಗ್ಗೆ ಎಣ್ಣೆ ಸ್ನಾನ ಮುಗಿದು ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ರಾಜಾತಿ ತಾನೇ ಬುಕ್‌ಲೆಟ್ ತಂದು ನಾದಿನಿಯ ಮುಂದಿಟ್ಟಳು. ಉತ್ತರ ಹಾಕಿದ್ದನ್ನು ಅದರಲ್ಲೂ ಗುರುತು ಮಾಡಿಕೊಂಡಿದ್ದಳು. “ಎಲ್ಲರ ಎದುರಿಗೇ ತಿದ್ದು. ನೋಡ್ಲಿ.”

ರಮಾಮಣಿ ಫೋನು ನೋಡಿ ಪೆನ್ಸಿಲಿನಲ್ಲಿ ತಿದ್ದತೊಡಗಿದಳು. ಮೊದಲ ಪುಟ ಮುಗಿಯಿತು. ಎರಡನೆಯ ಪುಟದಲ್ಲಿ ಪೆನ್ಸಿಲು ನಿಂತಿತು.

“ಅತ್ತಿಗೆ, ಇದು. ಡಬ್ಬಿಯೊಳಗೆ ಸಿಕ್ಕಾಕೊಂಡ ಕಣ. ಡಬ್ಬಿ ಅಗಲ ಡಬಲ್ ಮಾಡಿದ್ರೆ ಅದ್ರ ಎನರ್ಜಿ ಎಷ್ಟಾಗ್ತದೆ ಅಂತ. ಇದು ನೀವು ತಂದಿದ್ದೇ ಅಲ್ವಾ?”

“ಔದು. ಮೊದಲ್ನೇ ಎಕ್ಸಾಮು, ನಲ್ವತ್ಮೂರನೇ ಪ್ರಶ್ನೆ.” ರಾಜಾತಿಯ ಮುಖ ಅರಳಿತು. “ಆಪ್ಷನ್ನೂ ಅವೇ. ಬಿ ಮತ್ತೆ ಸಿ ಮಾತ್ರ ಅದ್ಲು ಬದ್ಲು ಮಾಡವ್ರೆ.”

“ನೀವು ಅರ್ಧ ಅಂತ ಆಕಿದೀರಾ.”

“ಅಗಲ ಡಬಲ್ ಆದ್ರೆ ಅರ್ಧ ತಾನೆ?”

“ನಾಕ್ನೇ ಒಂದು ಪಾಲು. ಅಗಲದ ವರ್ಗ ಕೆಳಗೆ ಬತ್ತದೆ. ಸೂತ್ರ ಗೊತ್ತಲ್ಲ ನಿಮ್ಗೆ?”

ರಾಜಾತಿ ಸೂತ್ರ ಹೇಳಿದಳು. ತಪ್ಪಿಲ್ಲದೆ ಹೇಳಿದಳು. ವರ್ಗವೂ ಅದರಲ್ಲಿತ್ತು.

“ಇನ್ನೇನು? ಎರಡರ ವರ್ಗ ಎಷ್ಟು ಅತ್ತಿಗೆ?”

ಜಗಲಿಯಲ್ಲಿ ಯಾರೂ ನಗಲಿಲ್ಲ. ರಮಾಮಣಿ ಮುಂದಕ್ಕೆ ಹೋದಳು.

“ಬಿಸಿಯಾದ ಕರಿ ವಸ್ತು, ಟೆಂಪರೇಚರ್ ಡಬಲ್ ಆದ್ರೆ ಅದು ಬಿಡೋ ಶಾಖ ಎಷ್ಟು ಪಟ್ಟು ಅಂತ. ಇದೂ ನಿಮ್ದೇ.”

“ಎರಡನೇ ಎಕ್ಸಾಮು, ನೂರ ಎರಡು.”

“ಅದ್ನಾರು ಪಟ್ಟು. ನೀವು ಎಂಟು ಆಕಿದೀರಾ. ಇದನ್ನ ನಾನು ಅವತ್ತು ಟೀ ಅಂಗಡೀಲಿ ನಿಮ್ಮ ಎದುರಿಗೇ ಮಾಡಿದ್ನಲ್ಲ! ನೀವು ಮಾಡ್ಲಿಲ್ವಾ?”

“ನಾನು ಏಳ್ತಾ ಇದ್ದೆ.”

“ಆಮೇಲಾದ್ರೂ? ಮೂರು ವರ್ಷ ಇತ್ತಲ್ಲ?”

“ಉತ್ತರ ಪ್ರಭಾಕರ್ ಆಕ್ತಿದ್ದ,” ಎಂದಳು ರಾಜಾತಿ.

ಹಾಗೆ ಹದಿನೆಂಟು ಪ್ರಶ್ನೆ ಸಿಕ್ಕವು. ಹದಿನೆಂಟನ್ನೂ ಅವಳು ಹಿಂದೆ ಹೊತ್ತು ತಂದಿದ್ದಳು. ಯಾವ ಪರೀಕ್ಷೆ, ಎಷ್ಟನೆಯ ನಂಬರು ಎಂದು ಒಂದಕ್ಕೂ ತಡವರಿಸದೆ ಹೇಳಿದಳು. ಹದಿನೆಂಟರಲ್ಲಿ ಹದಿಮೂರು ತಪ್ಪು. ರಮಾಮಣಿ ಕೊನೆಯ ಪುಟ ಮಗುಚಿ ಕೂಡಿದಳು, ಇನ್ನೊಮ್ಮೆ ಕೂಡಿದಳು.

“ಎಷ್ಟೇ?” ಎಂದಳು ಮುನಿವೆಂಕಟಮ್ಮ.

“ಎಪ್ಪತ್ತೆಂಟಮ್ಮ.”

“ಮುಂಚೆ ತೊಂಬತ್ತು ಚಿಲ್ಲರೆ ಬಂದಿತ್ತಲ್ಲ?”

“ತೊಂಬತ್ತೊಂದು, ತೊಂಬತ್ತು.”

“ಒತ್ಕೊಂಡು ಬರ್ದಾಗ ತೊಂಬತ್ತು, ಕೈ ಬೀಸ್ಕೊಂಡು ಬರ್ದಾಗ ಎಪ್ಪತ್ತೆಂಟಾ?” ಮುನಿವೆಂಕಟಮ್ಮನಿಗೆ ಭೌತಶಾಸ್ತ್ರ ಬಾರದು, ಈ ಲೆಕ್ಕ ಬಂತು. “ಅಂಗಾದ್ರೆ ಇಷ್ಟು ವರ್ಷ ಒರೆ ಒರೆ ಅಂತ ಏನ್ ಪುರಾಣ ಏಳ್ತಿದ್ದೆ ನಮ್ಗೆ?”

ಗೋವಿಂದರಾಜು ತಂಗಿಯನ್ನು ಕೇಳಿದ: “ಅದೆಂಗೆ ಕಮ್ಮಿ ಆಯ್ತು?”

ರಮಾಮಣಿ ಸುಳ್ಳು ಹೇಳಬಹುದಿತ್ತು. ಪತ್ರಿಕೆ ಕಷ್ಟವಿತ್ತು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಶಿಕ್ಷಕಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು.

“ಒತ್ಕೊಂಡು ಬರ್ಬೇಕು ಅಂತ ಅವಾಗ ಒಂದೊಂದನ್ನೂ ಮೂರು ಮೂರು ಸಲ ಓದ್ತಿದ್ರು ಅಣ್ಣ. ಅಷ್ಟು ಓದಿದ್ರೆ ಯಾರಿಗಾದ್ರೂ ಒಂದತ್ತು ಮಾರ್ಕು ಜಾಸ್ತಿ ಬತ್ತದೆ. ಆ ಒರೆಯಿಂದ ಮಾರ್ಕು ಓಗ್ಲಿಲ್ಲ. ಒರೆಯಿಂದ್ಲೇ ಅಷ್ಟಾದ್ರೂ ಬಂದಿದ್ದು.”

ರಾಜಾತಿ ಅಳಲಿಲ್ಲ. ಬುಕ್‌ಲೆಟ್ಟನ್ನು ನಾದಿನಿಯ ಕೈಯಿಂದ ತೆಗೆದುಕೊಂಡು ಅಂದು ನಲವತ್ತು ನಿಮಿಷ ತಾನು ಸುಮ್ಮನೆ ಮುಂದಿಟ್ಟುಕೊಂಡು ಕೂತಿದ್ದ ಆ ಪತ್ರಿಕೆಯ ಪುಟಗಳನ್ನು ಒಂದೊಂದಾಗಿ ತಿರುವಿದಳು. ಇಷ್ಟು ವರ್ಷ ಅವಳು ಬೇರೆ ಯಾರ ಪಾಸಿಗೋ ತನ್ನ ಪಾಸು ಬಿಟ್ಟುಕೊಟ್ಟವಳಾಗಿದ್ದಳು. ಅತ್ತೆಯ ಮಾತು, ಮದುವೆಮನೆಯ ನಗು, ಮಕ್ಕಳ ಕೂಗು, ಎಲ್ಲವನ್ನೂ ಆ ಒಂದು ಹೆಗ್ಗಳಿಕೆಯ ಮೇಲೆ ಸಹಿಸಿದ್ದಳು. ಅದನ್ನು ಹಬ್ಬದ ದಿನ ಜಗಲಿಯಲ್ಲಿ, ಅರ್ಧ ಗಂಟೆಯಲ್ಲಿ, ಒಂದು ಪೆನ್ಸಿಲು ತೆಗೆದುಹಾಕಿತು. ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. ನನ್ನ ಆ ಮೌಖಿಕ ಪರೀಕ್ಷೆಯಿಂದ ಎಣಿಸಿದರೆ ಎಂಟು ವರ್ಷ ತಡವಾಯಿತು, ಅಷ್ಟೇ.

ಪುಸ್ತಕಗಳು ಆ ವಾರವೇ ಅಟ್ಟಕ್ಕೆ ಹೋದವು. ಶಾಲೆಯ ಮಾಲೀಕ ಬೇರೆ ಟೀಚರನ್ನು ನೋಡಿಕೊಂಡಿದ್ದ; ಬರುವ ವರ್ಷದವರೆಗೂ ಕಾಯಲಿಲ್ಲ. ನವೆಂಬರ್ ಹೊತ್ತಿಗೆ ರಾಜಾತಿ ಬೆಳಿಗ್ಗೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು.

ಆಗ ಪ್ರಭಾಕರ್ ಫೋನು ಮಾಡಿದ.

“ರಾಜಾತಿ ಅಕ್ಕ, ಎಂಗಿದೀರಾ? ನೋಡಿ, ಡಿಸೆಂಬರಲ್ಲಿ ಬೇರೆ ಒಂದು ಎಕ್ಸಾಮು, ಕಾಲೇಜು ಮೇಷ್ಟ್ರುಗಳ್ದು. ಕಂಪ್ಯೂಟರಿನ ಮುಂದೆ. ಬುಕ್‌ಲೆಟ್ಟು ಕೊಡಲ್ಲ. ಈ ಹೊಸ ಬ್ಯಾಚಿನವ್ರ ತಲೇಲಿ ಏನೂ ನಿಲ್ಲಲ್ಲ ಅಕ್ಕ, ಐದು ಪ್ರಶ್ನೆ ಕೇಳಿದ್ರೆ ಫೋನ್ ಎಲ್ಲಿ ಅಂತಾರೆ. ಅಪ್ಲಿಕೇಷನ್ ನಾನೇ ಆಕ್ತೀನಿ, ದುಡ್ಡೂ ಕೊಡ್ತೀನಿ. ಓದೋದೇನೂ ಬೇಡ.”

ರಾಜಾತಿ ಕುಡುಗೋಲನ್ನು ಬದುವಿನ ಮೇಲಿಟ್ಟಳು.

“ಎಷ್ಟು ಪ್ರಶ್ನೆ?” ಎಂದಳು.

“ನೂರು.”

ಸಾಯಂಕಾಲ ಮುನಿವೆಂಕಟಮ್ಮ, “ಇನ್ನೊಂದು ಎಕ್ಸಾಮಾ? ನಾನು ಏನ್ ಏಳಿದ್ದೆ?” ಎಂದು ಎದ್ದು ನಿಂತಾಗ, “ಎಕ್ಸಾಮಲ್ಲ ಅತ್ತೆ, ಕೂಲಿ,” ಎಂದಳು. ಕೂಲಿ ಎಂದ ಮೇಲೆ ಆ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ.

ಡಿಸೆಂಬರಿನ ಆ ಮೂರು ಗಂಟೆಯಲ್ಲಿ ರಾಜಾತಿ ಒಂದು ಉತ್ತರವನ್ನೂ ಒತ್ತಲಿಲ್ಲ. ಪ್ರಶ್ನೆಯನ್ನು ಮೂರು ಸಲ ಓದಿದಳು, ತುಟಿ ಅಲುಗಿಸಿದಳು, ಮುಂದಿನದಕ್ಕೆ ಹೋದಳು. ಮೇಲ್ವಿಚಾರಕಿ ಎರಡು ಸಲ ಬಂದು, ಮೌಸ್ ಕೆಲಸ ಮಾಡುತ್ತಿಲ್ಲವೇ ಎಂದು ಕೇಳಿದಳು. ಮಾಡುತ್ತಿದೆ ಎಂದಳು ರಾಜಾತಿ.

ಪ್ರಭಾಕರ್ ಕಾಲೇಜಿನ ಎದುರಿನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ನೂರಕ್ಕೆ ನೂರೂ ಬಂದವು. ಎಪ್ಪತ್ತನೆಯದನ್ನು ಬರೆದುಕೊಳ್ಳುವಾಗ ಅವನಿಗೆ ಏನೋ ನೆನಪಾಯಿತು.

“ಇದಕ್ಕೆ ನೀವೇನು ಉತ್ತರ ಆಕಿದ್ರಿ ಅಕ್ಕ?”

“ಯಾವುದಕ್ಕೂ ಆಕಿಲ್ಲ.”

“ಒಳ್ಳೇದಾಯ್ತು,” ಎಂದ ಪ್ರಭಾಕರ್, ಕೀಬೋರ್ಡಿನಿಂದ ಕಣ್ಣು ತೆಗೆಯದೆ. “ಟೈಮ್ ವೇಸ್ಟು. ಮುಂದಿನ್ದು ಏಳಿ.”

ರಾಜಾತಿ ಹೇಳಿದಳು.